ಗೋಡೆಯಾಚೆಯ ಕೆಮ್ಮು

ಇದನ್ನು ನಂಬಿ ಎಂದು ನಾನು ಯಾರನ್ನೂ ಬೇಡಿಕೊಳ್ಳುವುದಿಲ್ಲ. ನನ್ನ ಕಿವಿಯಾರೆ ಕೇಳಿದ್ದು, ಕೇಳಿದ ಹಾಗೆ ಹೇಳುತ್ತೇನೆ, ಅಷ್ಟೇ.

ತೊಂಬತ್ತರ ದಶಕದ ಮಾತು. ನಮ್ಮವರು ಸೇನೆಯಲ್ಲಿ ಹವಾಲ್ದಾರರು. ಅವರಿಗೆ ಗಡಿಯಲ್ಲಿ ಡ್ಯೂಟಿ. ನನಗೂ ಪುಟ್ಟ ಮಗಳು ಸುಮಾಳಿಗೂ ನಗರದಂಚಿನ ಹೂಡಿಯಿಂದಾಚೆ ಮಿಲಿಟರಿ ಕ್ವಾರ್ಟರ್ಸ್. ಗೇಟಿನ ಬಳಿ ಬಿಳಿ ಬಣ್ಣ ಬಳಿದ ಕಲ್ಲುಗಳು, ಒಪ್ಪವಾಗಿ ಕತ್ತರಿಸಿದ ಗಿಡದ ಬೇಲಿ, ನೋಡಲು ಬಲು ಚೆಂದ. ಒಳಗೆ ಮಾತ್ರ ತಾರಸಿ ಸೋರಿ ಸೋರಿ ಮಲಗುವ ಕೋಣೆಯ ಹೊರಗೋಡೆ ಬೇಸಿಗೆಯಲ್ಲೂ ಒದ್ದೆ. ಹಾಸಿಗೆಗೆಲ್ಲ ಬೂಷ್ಟಿನ ವಾಸನೆ.

ಸುಮಾ ರಾತ್ರಿಯಿಡೀ ಕೆಮ್ಮುತ್ತಿದ್ದಳು. ಗೊಕ್ ಗೊಕ್ ಎಂದು ಕೆಮ್ಮಿ, ಕೊನೆಗೆ ಎದೆಯಿಂದ ಸಣ್ಣದೊಂದು ಸಿಳ್ಳು... ಆ ಮನೆಯಲ್ಲಿದ್ದರೆ ಔಷಧಿ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ರಿಪೇರಿಯವರು ಬಂದರು. "ಸುಣ್ಣ ಹೊಡೆಸ್ತೀವಿ ಮೇಡಂ. ತಾರಸಿ ಕೆಲ್ಸ ಅಂದ್ರೆ ಮೇಲಿಂದ ಸ್ಯಾಂಕ್ಷನ್ ಆಗ್ಬೇಕು," ಎಂದರು. ಸುಣ್ಣ ಹೊಡೆದರು. ಸುಣ್ಣದ ಮೇಲೆ ಮತ್ತೆ ಬೂಷ್ಟು ಬಂತು. ಬರಬರುತ್ತಾ ನನಗೆ ಸಿಟ್ಟು ಬರುವುದೂ ನಿಂತುಹೋಯಿತು.

ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ನಡುರಾತ್ರಿ, ಅದೂ ಸ್ವಲ್ಪ ಹೊತ್ತು. ಹಾಗಾಗಿ ನಮ್ಮ ಸಾಲಿನಲ್ಲಿ ಒಂದು ರೂಢಿ. ಮೊದಲು ಎಚ್ಚರವಾದವರು ಪಕ್ಕದ ಮನೆಯ ಗೋಡೆ ಬಡಿಯಬೇಕು. ಆಚೆಯವರು ಎದ್ದೆವೆಂದು ತಿಳಿಸಲು ತಿರುಗಿ ಎರಡು ಸಲ ಬಡಿಯಬೇಕು. ನನ್ನ ಪಕ್ಕದಲ್ಲಿದ್ದವರು ಕಮಲಕ್ಕ. ಅವರ ಮನೆ ಒಂದಿಷ್ಟೂ ಸೋರುತ್ತಿರಲಿಲ್ಲ. ಅವರ ಯಜಮಾನರಿಗೆ ವರ್ಗವಾಗಿ ಮನೆ ಖಾಲಿಯಾದಾಗ ಅದಕ್ಕಾಗಿ ಕ್ವಾರ್ಟರ್ಸ್ ಹಂಚುವ ಸಾಹೇಬರ ಮುಂದೆ ನಾಚಿಕೆ ಬಿಟ್ಟು ಅತ್ತೆ. ಸಿಕ್ಕಿತು! ನಮ್ಮ ಹಳೆಯ ಮನೆ ವಾಸಕ್ಕೆ ಯೋಗ್ಯವಲ್ಲವೆಂದು ಬೀಗ ಹಾಕಿದರು.

ಹೊಸ ಮನೆಯಲ್ಲಿ ಸುಮಾಳ ಕೆಮ್ಮು ಇಳಿಯುತ್ತಾ ಬಂದು, ಒಂದು ದಿನ ಪೂರ್ತಿ ನಿಂತಿತು.

ಅವತ್ತೇ ರಾತ್ರಿ ನಲ್ಲಿ ಬುಸ್ ಎಂದಿತು. ನಿದ್ದೆಗಣ್ಣಲ್ಲಿ ಎದ್ದು ಕೊಡ ಇಟ್ಟೆ. ಅಭ್ಯಾಸಬಲದಿಂದ ಗೋಡೆ ಬಡಿದೆ. ಬಡಿದ ಮೇಲೆ ನೆನಪಾಯಿತು, ಆಚೆ ಇರುವುದು ಬೀಗ ಹಾಕಿದ ನಮ್ಮದೇ ಮನೆ.

ಟಕ್... ಟಕ್.

ಕೈ ಗೋಡೆಯ ಮೇಲೇ ನಿಂತುಬಿಟ್ಟಿತು. ಎಲ್ಲಿಂದಲೋ ಬೂಷ್ಟಿನ ವಾಸನೆ ಬಂತು. ಆಮೇಲೆ ಕೇಳಿಸಿತು... ಗೊಕ್ ಗೊಕ್, ಕೊನೆಗೆ ಆ ಸಿಳ್ಳು.

ಓಡಿ ಹೋಗಿ ಸುಮಾಳ ಮೂಗಿನ ಹತ್ತಿರ ಕೈ ಹಿಡಿದೆ. ಬಾಯಿ ಮುಚ್ಚಿ ಹಾಯಾಗಿ ಮಲಗಿದ್ದಳು. ಅವಳ ಬೆಚ್ಚನೆಯ ಉಸಿರು ನನ್ನ ಅಂಗೈಗೆ ತಾಗುತ್ತಿರುವಾಗಲೇ ಗೋಡೆಯಾಚೆ ಅವಳೇ ಮತ್ತೆ ಕೆಮ್ಮಿದಳು.

"ಮಲ್ಕೋ ಪುಟ್ಟಾ... ಬೆಳಗಾಗ್ಲಿ, ಬೇರೆ ಮನೆ ಕೇಳ್ತೀನಿ," ಎಂದು ಹೆಂಗಸೊಬ್ಬಳು ಪಿಸುಗುಟ್ಟಿದಳು.

ಅದು ನನ್ನ ದನಿ.

ಕಿರುಚಲಿಲ್ಲ. ಕೊಡ ತುಂಬಿ ಚೆಲ್ಲುತ್ತಿತ್ತು, ಹೋಗಿ ಇನ್ನೊಂದು ಇಟ್ಟೆ. ನೀರು ನಿಂತರೆ ಬೆಳಗ್ಗೆ ಮಗುವಿಗೆ ಏನು ಮಾಡುವುದು ಎಂಬುದೊಂದೇ ಯೋಚನೆ.

ಬೆಳಗ್ಗೆ ಚೌಕಿದಾರನನ್ನು ಕರೆದು ಆ ಮನೆಯ ಬೀಗ ತೆಗೆಸಿದೆ. "ನೋಡ್ಕೊಳಿ ಅಕ್ಕಾ, ಒಂದು ಇಲೀನೂ ಇಲ್ಲ," ಎಂದ. ನಿಜ, ಏನೂ ಇರಲಿಲ್ಲ. ಗೋಡೆ ಒದ್ದೆಯಾಗಿತ್ತು.

ಆಮೇಲೆ ನಾನು ಯಾವತ್ತೂ ಗೋಡೆ ಬಡಿಯಲಿಲ್ಲ. ಆದರೂ ನೀರು ಬಂದ ರಾತ್ರಿ ಕೆಲವೊಮ್ಮೆ ಆಚೆಯಿಂದ ಕೆಮ್ಮು ಕೇಳುತ್ತಿತ್ತು. ದಿನ ಕಳೆದಂತೆ ಅದು ಜೋರಾಗುತ್ತಿತ್ತು.

ಮರುವರ್ಷ ನಮ್ಮವರು ಬಂದು, ಹೊಸ ಪೋಸ್ಟಿಂಗಿಗೆ ನಮ್ಮನ್ನೂ ಕರೆದುಕೊಂಡು ಹೊರಟರು. ಸಾಮಾನು ತುಂಬಿದ ಲಾರಿ ಗೇಟು ದಾಟುವಾಗ ನನಗೆ ತಡೆಯಲಾಗದ ಅಳು ಬಂತು. ಸುಮಾ ಗುಂಡುಗುಂಡಾಗಿ ನನ್ನ ತೊಡೆಯ ಮೇಲೇ ಕೂತಿದ್ದಳು.

"ಯಾಕೇ ಅಳ್ತೀಯಾ? ಆ ಹಾಳು ಮನೆಗಾ?" ಎಂದು ನಕ್ಕರು ನಮ್ಮವರು.

ಕಾಯಿಲೆಯ ಮಗುವನ್ನು ಅದೇ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೇವೆ ಎಂದು ಅವರಿಗೆ ಹೇಗೆ ಹೇಳಲಿ?