ಹಸಿ ವಾಸನೆ ಹೋಯಿತೇ?

ಕಳೆದ ಚಳಿಗಾಲದ ಜ್ವರ ಹೋಗುವಾಗ ನನ್ನ ಮೂಗನ್ನೂ ಕೆಡಿಸಿ ಹೋಯಿತು. ಈಗ ಹಾಲು ಸೀದರೂ ಒಂದೇ, ಒಗ್ಗರಣೆ ಹಾಕಿದರೂ ಒಂದೇ. ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಯಿತು.

ಆದರೂ ಈ ಪರದೇಶದಲ್ಲಿ ಕಾರಿನಲ್ಲಿ ಅರ್ಧ ಗಂಟೆ ದೂರದ ಸ್ನೊಕ್ವಾಲ್ಮಿ ಊರಿನ ಗೆಳತಿಯ ಮನೆಯ ಭಾನುವಾರದ ಊಟಕ್ಕೆ ಸಾರು ನನ್ನದೇ ಎಂದು ಒಪ್ಪಿಕೊಂಡೆ. ಒಬ್ಬೊಬ್ಬರು ಒಂದೊಂದು ಮಾಡಿ ತರುವ ಊಟ ಅದು. ಸಾರು ಬಿಟ್ಟುಕೊಟ್ಟರೆ ಮುಂದಿನ ಸಲದಿಂದ ನನಗೆ ಪೇಪರ್ ಪ್ಲೇಟು ತರುವ ಕೆಲಸವೇ ಗತಿ.

ಸಾರಿನ ಪುಡಿ ಹಾಕಿದ ಮೇಲೆ ಅದರ ಹಸಿ ವಾಸನೆ ಹೋಗುವವರೆಗೆ ಕುದಿಸಬೇಕು. ಅದನ್ನು ಮೂಗೇ ಹೇಳಬೇಕು. ಹನ್ನೆರಡು ವರ್ಷದ ಮಗಳನ್ನು ಕರೆದೆ.

“ಹಸಿ ವಾಸನೆ ಹೋಯ್ತಾ ನೋಡೇ.”

“ಇಟ್ ಸ್ಮೆಲ್ಸ್ ಲೈಕ್ ರಸಂ, ಅಮ್ಮಾ.”

“ರಸಂ ಮಾಡಿದ್ರೆ ಇನ್ನೇನು ಪಿಜ್ಜಾ ವಾಸನೆ ಬರುತ್ತಾ?” ಎಂದು ರೇಗಿದೆ. ಅವಳು ಭುಜ ಕುಣಿಸಿ ಹೋದಳು. ಹುಟ್ಟಿದಾಗಿನಿಂದ ನನ್ನ ಸಾರು ತಿಂದವಳಿಗೆ ಹಸಿ ವಾಸನೆ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. ನಾನೇ ಹೇಳಿಕೊಟ್ಟಿರಲಿಲ್ಲ, ಸಿಟ್ಟು ಮಾತ್ರ ಅವಳ ಮೇಲೆ.

ಲ್ಯಾಪ್‌ಟಾಪ್ ಮುಂದಿದ್ದ ಗಂಡನನ್ನು ಎಬ್ಬಿಸಿ ಕರೆತಂದೆ. ಅವರು ಪಾತ್ರೆಯ ಮೇಲೆ ಬಗ್ಗಿ, “ಹೋಗಿದೆ ಕಣೇ, ಘಮ್ ಅಂತಿದೆ” ಎಂದರು.

ಆ ಮಾತಿನ ಜೊತೆಗೇ ವಾಸನೆ ಬಂತು. ಕೊತ್ತಂಬರಿ, ಇಂಗು, ಜೀರಿಗೆ, ಎಲ್ಲವೂ ಬಂತು. ದೇವರಾಣೆ, ಬಂತು. ಕಣ್ಣಲ್ಲಿ ನೀರು ತುಂಬಿ ಒಲೆ ಆರಿಸಿದೆ.

ಊಟಕ್ಕೆ ಕೂತಾಗ ಧಾರವಾಡದ ಕಡೆಯ ಆ ಗೆಳತಿ ಒಂದು ತುತ್ತು ತಿಂದು, “ಇನ್ನೂ ಸ್ವಲ್ಪ ಕುದೀಬೇಕಿತ್ರೀ, ಹಸಿ ವಾಸನಿ ಹಂಗ ಅದ” ಎಂದಳು. ಉಳಿದವರು ತಟ್ಟೆ ನೋಡಿಕೊಂಡರು. ಮುಕ್ಕಾಲು ಪಾತ್ರೆ ಸಾರು ಹಾಗೇ ವಾಪಸ್ ಬಂತು.

ಕಾರಿನಲ್ಲಿ ಕೇಳಿದೆ, “ಯಾಕ್ರೀ ಸುಳ್ಳು ಹೇಳಿದ್ರಿ?”

“ಹಸಿ ವಾಸನೆ ಅಂದ್ರೆ ಏನು ಅಂತ ನನಗೆ ಯಾವತ್ತೂ ಗೊತ್ತಾಗಿಲ್ಲ ಕಣೇ. ಅಮ್ಮ ಕೇಳಿದಾಗ್ಲೂ ಹೋಯ್ತು ಅಂತಿದ್ದೆ. ಬೇಗ ಊಟ ಹಾಕ್ತಿದ್ರು.”

ನನಗೆ ಮೈಯೆಲ್ಲ ಉರಿಯಿತು. ಇವರ ಸುಳ್ಳಿಗಲ್ಲ. ಇವರ ಸುಳ್ಳನ್ನು ನನ್ನ ಮೂಗು ನಂಬಿತಲ್ಲ, ಅದಕ್ಕೆ.

ಮರುದಿನ ಬೆಳಿಗ್ಗೆ ಅವರು ಕಾಫಿ ತಂದಿಟ್ಟು, ತಪ್ಪು ಮಾಡಿದವರ ಹಾಗೆ ನಿಂತರು. ಲೋಟವನ್ನು ಮೂಗಿನ ಹತ್ತಿರ ಹಿಡಿದೆ. ಬಿಸಿ ಹಬೆ ತಾಗಿತು, ಅಷ್ಟೇ. ಇನ್ನೊಮ್ಮೆ ಎಳೆದುಕೊಂಡೆ. ಏನೂ ಇಲ್ಲ.

“ಸುಮ್ನೆ ನಿಂತ್ಕೋಬೇಡಿ,” ಎಂದೆ. “ಹೇಗಿದೆ ಅಂತ ಹೇಳ್ರೀ. ಸುಳ್ಳಾದ್ರೂ ಪರವಾಗಿಲ್ಲ.”