ಅತ್ತಿಗೆಯ ಗೋಧಿ

ಊರ ತುದಿಯ ತಗಡಿನ ಶೆಡ್ಡಿನಲ್ಲಿ ಬಿತ್ತನೆ ಬೀಜಕ್ಕೆ ಔಷಧಿ ಹಚ್ಚಿಕೊಡುವುದು ಗಂಡನ ಕೆಲಸ. ಹಚ್ಚಬೇಕೋ ಬೇಡವೋ ಎಂದು ಹೇಳುವುದು ಹೆಂಡತಿಯ ಕೆಲಸ. ಅವಳನ್ನು ಎಲ್ಲರೂ ಮೊಳಕೆಯಮ್ಮ ಎನ್ನುತ್ತಿದ್ದರು. ಯಾರೇ ಮೂಟೆ ಇಳಿಸಲಿ, ಮೊಣಕೈವರೆಗೆ ತೋಳು ಇಳಿಸಿ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಹಿಡಿ ತೆಗೆಯುವಳು. ಒಂದು ಕಾಳನ್ನು ಹಲ್ಲಿಗಿಟ್ಟು ಕಟಕ್ಕೆನಿಸಿ, ಒಣಗಿದೆಯೋ ಇಲ್ಲವೋ ನೋಡುವಳು. ಒಡಕು, ಹುಳುಕು, ಕಳೆಬೀಜ ಎಷ್ಟಿವೆಯೆಂದು ಮೊರದಲ್ಲಿ ಹರಡಿ ಆರಿಸುವಳು. ಕೊನೆಗೆ ಒಂದಷ್ಟು ಕಾಳನ್ನು ಒದ್ದೆ ಬಟ್ಟೆಯ ಮೇಲೆ ಸಾಲಾಗಿಟ್ಟು, ಸುರುಳಿ ಸುತ್ತಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ಮುಂದಿನ ವಾರ ಬನ್ನಿ” ಎನ್ನುವಳು.

ಅವಸರದವರು ಗೊಣಗುತ್ತಿದ್ದರು. ಅವರಿಗೆ ಅವಳ ಉತ್ತರ ಒಂದೇ. “ಈ ಕೆಂಪು ಔಷಧಿ ಹಚ್ಚಿದ್ಮೇಲೆ ಅದು ಮಣ್ಣಿಗೆ ಮಾತ್ರ. ಹುಟ್ಟದಿದ್ರೆ ನೀವು ತಿನ್ನೋ ಹಾಗಿಲ್ಲ, ಕೋಳಿಗೂ ಹಾಕೋ ಹಾಗಿಲ್ಲ. ಸುಮ್ನೆ ನೋಡ್ತಾ ಕೂತಿರ್ಬೇಕಾಗುತ್ತೆ.”

ಅವಳ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ. ಇದರಿಂದ ಎಲ್ಲರಿಗಿಂತ ಹೆಚ್ಚು ಬೇಜಾರಾಗಿದ್ದವಳು ಗಂಡನ ಅಕ್ಕ, ಅಂದರೆ ಅವಳ ಅತ್ತಿಗೆ.

ಅತ್ತಿಗೆ ಎಲ್ಲಿಗೂ ಹೊತ್ತಿಗೆ ಮುಂಚೆಯೇ ಹೋಗುವ ಹೆಂಗಸು. ಮೊಳಕೆಯಮ್ಮನಿಗೆ ಹೊಸದಾಗಿ ಮದುವೆಯಾಗಿದ್ದಾಗ ಅತ್ತಿಗೆಯನ್ನು ಊಟಕ್ಕೆ ಕರೆದಿದ್ದರು. ಅನ್ನಕ್ಕೆ ಎಸರಿಡುವ ಮೊದಲೇ ಬಂದು ಕೂತ ಅತ್ತಿಗೆ, “ನಿಮ್ಮ ಗಡಿಯಾರ ಹಿಂದಿದೆ” ಎಂದಳು. “ಗಡಿಯಾರ ಸರಿಯಾಗೇ ಇದೆ, ನೀವೇ ಬೇಗ ಬಂದಿದೀರಿ” ಎಂದಳು ಹೊಸ ಹೆಣ್ಣು. ವಿಚಾರಿಸಿದರೆ ಗಡಿಯಾರ ಸರಿಯಾಗಿಯೇ ಇತ್ತು. ಹೊಸಬಳ ಮಾತು ತಪ್ಪಾಗಿದ್ದಿದ್ದರೆ ಅತ್ತಿಗೆ ಕ್ಷಮಿಸಬಹುದಿತ್ತು. ಅಂದಿನಿಂದ ಇಬ್ಬರ ನಡುವೆ ಮಾತು ಎಷ್ಟು ಬೇಕೋ ಅಷ್ಟೇ.

ಆ ವರ್ಷ ಉಳಿದವರು ಇನ್ನೂ ರಾಶಿ ಮಾಡುತ್ತಿರುವಾಗಲೇ ಅತ್ತಿಗೆ ಬಿತ್ತನೆಯ ಗೋಧಿ ತಂದು ಇಳಿಸಿದಳು. ಮೂಟೆಯಿಂದ ಇನ್ನೂ ಹೊಸ ಹುಲ್ಲಿನ ವಾಸನೆ ಬರುತ್ತಿತ್ತು.

“ಈಗ್ಲೇ ಔಷಧಿ ಹಚ್ಚಿ ಇಟ್ಬಿಡಿ. ಆಮೇಲೆ ನಿಮ್ಮ ಸಾಲಲ್ಲಿ ನಿಂತ್ಕೊಳ್ಳೋಕೆ ನನ್ನ ಕೈಲಾಗಲ್ಲ.”

“ಮುಂದಿನ ವಾರ ಬನ್ನಿ” ಎಂದಳು ಮೊಳಕೆಯಮ್ಮ.

ವಾರ ಕಳೆದು ಬಟ್ಟೆ ಬಿಚ್ಚಿದರೆ ಮೊಳೆತದ್ದು ಬೆರಳೆಣಿಕೆಯಷ್ಟು. ಅವಳಿಗೆ ಕಸಿವಿಸಿಯಾಯಿತು. ಹೇಳಿದರೆ ಹಗೆ ತೀರಿಸಿಕೊಂಡಳು ಎನ್ನುತ್ತಾರೆ. ಇನ್ನೊಂದು ವಾರ ತಾಳಿ ಎಂದು ಅತ್ತಿಗೆಗೆ ಹೇಳಿಕಳಿಸಿ, ಬೇರೆ ಬಟ್ಟೆ ಕುದಿಸಿ, ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಿ ಮತ್ತೆ ಇಟ್ಟಳು. ಅದೂ ಹಾಗೇ. ಒತ್ತಿ ನೋಡಿದಳು, ಕಾಳು ಗಟ್ಟಿಯಾಗಿ, ಮೈತುಂಬಿಕೊಂಡಿತ್ತು. ಮೊಳಕೆ ಮಾತ್ರ ಇಲ್ಲ. ಮೂರನೆಯ ಸುರುಳಿಯನ್ನೂ ಸುತ್ತಿಟ್ಟಳು. ಆದರೆ ಅಷ್ಟರಲ್ಲಿ ಅತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದಳು.

“ಹುಟ್ಟಲ್ಲ ಅತ್ತಿಗೆ. ಸತ್ತಿದೆ.”

“ನನ್ನ ಗೋಧಿ ಸತ್ತಿದೆ ಅಂತ ನೀನು ಹೇಳ್ತಿದೀಯ.”

“ಬಟ್ಟೆ ಹೇಳ್ತಿದೆ.”

ಅತ್ತಿಗೆ ತಮ್ಮನ ಮುಖ ನೋಡಿದಳು. ತಮ್ಮ ಆಗಲೇ ಒರೆಸಿಟ್ಟಿದ್ದ, ಔಷಧಿ ಹಚ್ಚುವ ಡ್ರಮ್ಮನ್ನು ಇನ್ನೊಮ್ಮೆ ಒರೆಸುತ್ತಿದ್ದ. ಅವಳು ಮೂಟೆಗಳನ್ನು ವಾಪಸ್ ಹೇರಿಸಿಕೊಂಡು ನೇರ ಗಿರಣಿಗೆ ಹೋಗಿ, ಅಷ್ಟನ್ನೂ ಹಿಟ್ಟು ಮಾಡಿಸಿದಳು. ಬಿತ್ತನೆಗೆ ಅಂಗಡಿಯಿಂದ ಬೇರೆ ಬೀಜ ತರಿಸಿದಳು.

ಮೊಳಕೆಯಮ್ಮನ ಗಂಡನಿಗೆ ಕಟ್ಟೆಯ ಮೇಲೆ ಏನಿದ್ದರೂ ಎತ್ತಿಡುವ ಅಭ್ಯಾಸ. ಮೂರನೆಯ ಸುರುಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪೆಂದುಕೊಂಡು ಫ್ರಿಜ್ಜಿಗೆ ತಳ್ಳಿದ್ದ. ಎಷ್ಟೋ ದಿನದ ಮೇಲೆ ಅವನಿಗೆ ಸೊಪ್ಪಿನ ನೆನಪಾಯಿತು.

“ಇವಳೇ, ಸೊಪ್ಪಿಗೆ ಬೇರು ಬಂದಿದೆ ನೋಡು.”

ಅವಳು ನೋಡಿದಳು. ಸಾಲಿಗೆ ಸಾಲೇ ಬಿಳಿ ಬೇರು ಬಿಟ್ಟಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತಳು. ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು.

ಅತ್ತಿಗೆಯ ಮೂಟೆಯಿಂದ ತೆಗೆದಿಟ್ಟಿದ್ದ ಮಾದರಿಯ ಕಾಳನ್ನು ಎರಡು ಪಾಲು ಮಾಡಿ, ಒಂದನ್ನು ಫ್ರಿಜ್ಜಿನಲ್ಲೂ ಇನ್ನೊಂದನ್ನು ಕಟ್ಟೆಯ ಮೇಲೂ ಇಟ್ಟಳು. ತಂಪಿನಲ್ಲಿದ್ದದ್ದು ಪೂರ್ತಿ ಮೊಳೆಯಿತು. ಕಟ್ಟೆಯ ಮೇಲಿನದು ಅರೆಬರೆ. ಕೊಯ್ದ ಹೊಸತರಲ್ಲಿ ಕಾಳು ನಿದ್ದೆಯಲ್ಲಿರುತ್ತದೆ, ತಂಪು ತಾಗಿದರೆ ಏಳುತ್ತದೆ ಎಂದು ಯಾವಾಗಲೋ ಕೇಳಿದ್ದಳು. ಆದರೆ ಅಷ್ಟು ಬೇಗ ಬೀಜ ತರುವವರು ಈವರೆಗೆ ಯಾರೂ ಇರಲಿಲ್ಲ. ಸತ್ತ ಕಾಳಾದರೆ ಬೂಷ್ಟು ಹಿಡಿದು ಲೊಳಲೊಳ ಆಗುತ್ತದೆ. ಗಟ್ಟಿ ಕಾಳು ಬೆರಳಿಗೆ ಸಿಕ್ಕಿತ್ತು, ತಲೆಗೆ ಹತ್ತಿರಲಿಲ್ಲ.

“ಸುಮ್ನಿರು, ಯಾರಿಗೂ ಗೊತ್ತಿಲ್ಲ” ಎಂದ ಗಂಡ.

“ನಿಮಗೆ ಗೊತ್ತಲ್ಲ.”

“ನಾನು ಮರ್ತುಬಿಡ್ತೀನಿ.”

“ನೀವು ಬೇಕಾಗಿದ್ದು ಮಾತ್ರ ಮರೆಯೋದು” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ನೇರ ಅತ್ತಿಗೆಯ ಮನೆಗೆ ಹೋದಳು. ಅತ್ತಿಗೆ ಅಡುಗೆಮನೆಯಲ್ಲಿ ಅದೇ ಹಿಟ್ಟನ್ನು ನಾದುತ್ತಿದ್ದಳು.

“ಅತ್ತಿಗೆ, ನಿಮ್ಮ ಗೋಧಿ ಸತ್ತಿರಲಿಲ್ಲ. ಮಲಗಿತ್ತು. ನನಗೆ ತಿಳೀಲಿಲ್ಲ. ತಪ್ಪಾಯ್ತು.”

ನಾದುವ ಕೈ ನಿಂತಿತು. “ಏನಂದೆ?”

“ತಪ್ಪಾಯ್ತು ಅಂದೆ.”

“ಇರು, ಇರು.” ಅತ್ತಿಗೆ ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಹೋಗಿ ಗಂಡನನ್ನು ಕೂಗಿದಳು. ಅವನು ಬಂದು ನಿಂತ ಮೇಲೆ, “ಈಗ ಹೇಳು” ಎಂದಳು.

ಮೊಳಕೆಯಮ್ಮ ಮೂರನೆಯ ಸಲ ಹೇಳಿದಳು. ಅತ್ತಿಗೆ ಸ್ಟೂಲಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒರೆಸಿಕೊಳ್ಳಲು ಹೋಗಿ ಕೆನ್ನೆಯೆಲ್ಲ ಹಿಟ್ಟಾಯಿತು. ಒಳ್ಳೆಯ ಬೀಜ ಹೋಯಿತಲ್ಲ ಎಂದು ಒಂದು ಮಾತೂ ಆಡಲಿಲ್ಲ. “ಊಟ ಮಾಡ್ಕೊಂಡು ಹೋಗು” ಎಂದಳು. ಇಬ್ಬರೂ ಎದುರುಬದುರು ಕೂತು ಬಿಸಿ ರೊಟ್ಟಿ ತಿಂದರು. ಚೆನ್ನಾಗಿತ್ತು. ಅದನ್ನು ಮೊದಲು ಹೇಳಿದವಳು ಮೊಳಕೆಯಮ್ಮ.

ಸಂಜೆಯೊಳಗೆ ಸುದ್ದಿ ಬೀದಿಗೆಲ್ಲ ಮುಟ್ಟಿತು. ಕಾಳು ಗೊರಕೆ ಹೊಡೆಯುತ್ತಿತ್ತು ಎಂಬಲ್ಲಿಗೆ ಅತ್ತಿಗೆ ಅದನ್ನು ಬೆಳೆಸಿದ್ದಳು. ಕೆಲವರು ಬೀಜ ಬೇರೆ ಕಡೆ ಒಯ್ದರು. ಉಳಿದವರಿಗೆ ಮೊಳಕೆಯಮ್ಮ ಈಗ “ಯಾವಾಗ ಕೊಯ್ದಿದ್ದು?” ಎಂಬ ಪ್ರಶ್ನೆಯನ್ನು ಮೊದಲು ಕೇಳತೊಡಗಿದಳು. ಮಧ್ಯಾಹ್ನದ ಹೊತ್ತು ಅತ್ತಿಗೆಯೂ ಬಂದು ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಳು ಆರಿಸುವುದು ರೂಢಿಯಾಯಿತು.

ಒಂದು ದಿನ ಮೂಟೆ ತಂದವನೊಬ್ಬ, “ಈಯಮ್ಮನ ಲೆಕ್ಕ ತಪ್ಪುತ್ತಂತಲ್ಲ?” ಎಂದು ಕೇಳಿದ.

ಅತ್ತಿಗೆ ಮೊರದಿಂದ ತಲೆಯೆತ್ತಿದಳು.

“ಒಂದೇ ಸಲ ತಪ್ಪಿದ್ದು. ಅದೂ ನನ್ನ ಗೋಧೀಲಿ. ನಿನ್ನದರಲ್ಲೆಲ್ಲ ತಪ್ಪಲ್ಲ, ಮೂಟೆ ಇಳಿಸು.”