ಗುಢಿ ಏರಿಸಿದ ಗಾಳದ ಕೋಲು

ಕೋಲು ಲೋಕಲ್ ಟ್ರೈನಿನ ನೂಕುನುಗ್ಗಲಿಗೆ ಸಿಕ್ಕಿ ಎರಡು ತುಂಡಾಗಬಹುದಿತ್ತು. ಉದ್ದನೆಯ ಚೀಲ ನೋಡಿ ರೈಲ್ವೆ ಪೊಲೀಸರು ಬಂದೂಕೆಂದು ನಮ್ಮನ್ನು ಹಿಡಿದು ಕೂರಿಸಬಹುದಿತ್ತು. ಅಪ್ಪ ನದಿಯ ಪಾಚಿಗಲ್ಲಿನ ಮೇಲೆ ಜಾರಬಹುದಿತ್ತು, ಅವರನ್ನು ಹಿಡಿಯಲು ಹೋಗಿ ಈಜು ಬಾರದ ನಾನೂ ಜಾರಬಹುದಿತ್ತು. ಗಾಳ ಯಾರದೋ ಕಿವಿಗೆ ಚುಚ್ಚಿಕೊಳ್ಳಬಹುದಿತ್ತು, ಆ ಯಾರೋ ಊರಿನ ಪುಢಾರಿಯೇ ಆಗಿರಬಹುದಿತ್ತು. ಅಪ್ಪನ ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿದುಬಿಡಬಹುದಿತ್ತು... ಎಷ್ಟೋ ವರ್ಷಗಳ ಹಿಂದಿನ ಆ ಭಾನುವಾರ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಟಿಟ್ವಾಳಾ ಲೋಕಲ್ ಕಾಯುತ್ತ ನಾನು ಮನಸ್ಸಿನಲ್ಲೇ ಇಷ್ಟನ್ನೂ ನಡೆಸಿ ನೋಡಿ ಆಗಿತ್ತು. ಇವುಗಳಲ್ಲಿ ಒಂದೂ ನಡೆಯಲಿಲ್ಲ. ಎಡವಟ್ಟಾದದ್ದು ಒಂದೇ ಒಂದು, ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಕಳೆದ ವಾರ ಎದುರು ಫ್ಲಾಟಿನವರು ಬಾಗಿಲಿಗೆ ವಾರ್ನಿಶ್ ಹೊಡೆಸಿದರು. ಆ ವಾಸನೆ ನಮ್ಮ ಹಾಲ್‌ವರೆಗೆ ಬಂತು. ಹೆಂಡತಿ ಕಿಟಕಿ ತೆರೆದು ಫ್ಯಾನ್ ಜೋರು ಮಾಡಿದಳು. ನಾನು ಮಾತ್ರ ಸೋಫಾದಲ್ಲಿ ಕೂತು ಆ ವಾಸನೆಯನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದೆ. ನನಗೆ ಅದು ಬಾಗಿಲಿನ ವಾಸನೆಯಲ್ಲ, ಠಾಣೆ ಪಟ್ಟಣದ ಒಬ್ಬ ಹಲ್ಲಿನ ಡಾಕ್ಟ್ರ ವಾಸನೆ.

ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಎಲ್ಲಿ ಏನು ಅನಾಹುತವಾದೀತು ಎಂದು ಯೋಚಿಸುತ್ತಿರುವುದಕ್ಕೇ ಸಂಬಳ. ಹುಟ್ಟುಗುಣವೇ ನೌಕರಿಯಾಗುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ! ಹಲ್ಲುನೋವನ್ನು ಕ್ಯಾನ್ಸರ್ ಎಂದೇ ನಂಬಿ, ಅತ್ತು ಕರೆದು, ಸಹೋದ್ಯೋಗಿಯೊಬ್ಬರು ಹೇಳಿದ ಈ ಕನ್ನಡದ ಡಾಕ್ಟ್ರ ಬಳಿ ಹೋಗಿದ್ದೆ. ಧಾರವಾಡದ ಕಡೆಯವರು. ಠಾಣೆಗೆ ಬಂದು ನಲವತ್ತು ವರ್ಷವಾಗಿದ್ದರೂ ಮಾತು ಅಲ್ಲಿಂದ ಕದಲಿರಲಿಲ್ಲ. ಬಾಯಿ ಅಗಲಿಸಿಕೊಂಡು ಕುರ್ಚಿಯಲ್ಲಿ ಮಲಗಿದಾಗ ಛತ್ತಿನ ಕೊಕ್ಕೆಗಳಿಗೆ ನೇತುಹಾಕಿದ ಉದ್ದುದ್ದ ಬಟ್ಟೆಚೀಲಗಳು ಕಂಡವು. ನನ್ನ ಕಣ್ಣು ಅಲ್ಲೇ ನೆಟ್ಟದ್ದು ನೋಡಿ ಡಾಕ್ಟ್ರು ನಕ್ಕರು.

"ಅವು ಮೀನ ಹಿಡಿಯೋ ಕೋಲ್ರೀ. ಅಂಜಬ್ಯಾಡ್ರಿ, ಹಲ್ಲು ಕೀಳಲಿಕ್ಕೆ ಅವನ್ನ ತೊಗೊಳ್ಳಂಗಿಲ್ಲ."

ವಿಚಿತ್ರವೆಂದರೆ ಡಾಕ್ಟ್ರು ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಈರುಳ್ಳಿ ತಿನ್ನುವುದಕ್ಕೂ ವಾರ ನೋಡುತ್ತಿದ್ದ ಮನೆ ಅದು. ಯಾರೋ ಪಾರ್ಸಿ ಪೇಶಂಟ್ ಒಬ್ಬರು ಅಜ್ಜನ ಕಾಲದ ಬಿದಿರಿನ ಕೋಲನ್ನು ಎಸೆಯಲು ಹೊರಟಾಗ ಇವರು ಈಸಿಕೊಂಡರಂತೆ. ಬಿದಿರನ್ನು ಸಣ್ಣಗೆ ಸೀಳಿ, ಆರು ಸೀಳುಗಳನ್ನು ಕೂಡಿಸಿ ಅಂಟಿಸಿ, ಆರು ಮೂಲೆಯ ಒಂದೇ ಕೋಲಾಗಿ ಮಾಡಿದ ಕೆಲಸ ನೋಡಿ ಮರುಳಾದರು. ಅಲ್ಲಿಂದ ಶುರು. ಹಲ್ಲಿನ ಹುಳುಕು ನೋಡುವ ಪುಟ್ಟ ಕನ್ನಡಿಯಲ್ಲೇ ಕೋಲಿನ ಬಿರುಕು ನೋಡುವುದು, ಹಲ್ಲು ಕೆರೆಯುವ ಕೊಕ್ಕೆಯಲ್ಲೇ ಕೋಲಿಗೆ ಉಂಗುರಗಳನ್ನು ಬಿಗಿದಿದ್ದ ಹಳೆಯ ರೇಷ್ಮೆದಾರ ಬಿಡಿಸುವುದು. ಆ ಸಲಕರಣೆಗಳನ್ನು ಬೇರೆ ಇಡುತ್ತಿದ್ದರೋ ಇಲ್ಲವೋ... ಕೇಳುವ ಧೈರ್ಯ ನನಗೆ ಕೊನೆಯವರೆಗೂ ಆಗಲಿಲ್ಲ.

ಬಾಯಿಯಿಂದ ಹತ್ತಿ ತೆಗೆದ ಕೂಡಲೇ ನಾನು ಹೇಳಿದೆ, "ನಮ್ಮಲ್ಲೂ ಅಂಥದ್ದೊಂದು ಕೋಲು ಉಂಟು ಡಾಕ್ಟ್ರೇ."

ಉಂಟು ಎನ್ನುವುದು ದೊಡ್ಡ ಮಾತಾಯಿತು. ಅಪ್ಪ ಉಡುಪಿ ಕಡೆಯಿಂದ ಬಂದು ವಾಗ್ಳೆ ಎಸ್ಟೇಟಿನಲ್ಲಿ ಕ್ಯಾಂಟೀನ್ ನಡೆಸಿದವರು. ಅವರ ಕೈಯ ನೀರುದೋಸೆಗೆ ಮನಸೋತ ಒಬ್ಬ ವಿದೇಶಿ ಇಂಜಿನಿಯರ್ ಊರಿಗೆ ಮರಳುವಾಗ ಕೊಟ್ಟುಹೋದ ಕೋಲು. ಕೆಲವು ವರ್ಷ ಅಪ್ಪ ಭಾನುವಾರಗಳಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹೋಗುತ್ತಿದ್ದರು. ಆಮೇಲೆ ಕ್ಯಾಂಟೀನ್ ದೊಡ್ಡದಾಯಿತು, ಖಾಡಿ ಕಪ್ಪಾಯಿತು, ಕೋಲು ಕಪಾಟಿನ ಹಿಂದೆ ಸೇರಿತು. ಅದನ್ನು ಅಲ್ಲಿಂದ ಹೊರತೆಗೆದವಳು ಅಮ್ಮ. ಹೊಸ ವರ್ಷಕ್ಕೆ ನಮಗೆ ಬಿಸು ಹಬ್ಬ. ಆದರೆ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಪಾಡವಾದ ದಿನ, ಮರಾಠಿಗರ ಯುಗಾದಿಗೆ, ಎಲ್ಲರ ಬಾಲ್ಕನಿಯಲ್ಲೂ ಗುಢಿ ಏರಿ, ನಮ್ಮದು ಮಾತ್ರ ಬೋಳಾಗಿ ನಿಂತರೆ ಅಮ್ಮನಿಗೆ ಮುಖ ಎತ್ತಿ ತಿರುಗಲಾಗುತ್ತಿರಲಿಲ್ಲ. ಗುಢಿಗೆ ಬಿದಿರು ಬೇಕು. ಮನೆಯಲ್ಲೇ ಬಿದಿರಿದೆ! ಹೀಗೆ ವಿಲಾಯತಿ ಕೋಲು ವರ್ಷ ವರ್ಷವೂ ಬಿಸಿನೀರಿನ ಸ್ನಾನ ಮಾಡಿ, ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ತಾಮ್ರದ ತಂಬಿಗೆ, ಮೈಮೇಲೆ ಜರಿಯ ಖಣ ಹೊತ್ತು ನಿಲ್ಲುತ್ತಿತ್ತು. ತೆಳ್ಳಗಿನ ತುದಿಯ ಭಾಗ ತಂಬಿಗೆಯ ಭಾರ ತಾಳದೆಂದು ಅದನ್ನು ಕಳಚಿ, ತುಂಡು ಮಾಡಿ ತುಳಸಿ ಗಿಡಕ್ಕೆ ಆಸರೆಯಾಗಿ ಊರಿದ್ದಳು.

ಉಳಿದ ಬುಡದ ಭಾಗವನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಯ್ದೆ. ಡಾಕ್ಟ್ರು ಬಿಚ್ಚಿ ನೋಡಿದರು, ಮೂಸಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ರೀ, ಇದನ್ನ ಎಣ್ಣ್ಯಾಗ ಕರದೀರೇನು?"

ಗುಢಿಯ ಕಥೆ ಹೇಳಿದೆ. ಅರ್ಧ ತಾಸು ಬೈದರು. ಬಿದಿರಿಗೂ ಹಲ್ಲಿನ ಹಾಗೆ ಹೊರಗೊಂದು ಗಟ್ಟಿ ಪದರ ಇರುತ್ತದೆ, ಬಲವೆಲ್ಲ ಅದರಲ್ಲೇ, ಅದನ್ನು ಉಜ್ಜಿ ತೆಗೆದರೆ ಕೋಲು ಸತ್ತ ಹಾಗೆ ಎಂದರು. ಬೈಯುತ್ತ ಬೈಯುತ್ತಲೇ ಹಿಡಿಯ ಮೇಲ್ಗಡೆ ಮಾಸಿದ ಶಾಯಿಯಲ್ಲಿ ಬರೆದಿದ್ದ ಕಂಪನಿಯ ಹೆಸರು ಅವರ ಕಣ್ಣಿಗೆ ಬಿತ್ತು, ಬೈಗುಳ ನಿಂತಿತು. ಎದ್ದು ಛತ್ತಿನಿಂದ ತಮ್ಮದೊಂದು ಚೀಲ ಇಳಿಸಿದರು. ಅದೇ ಕಂಪನಿಯ ಕೋಲು, ಅವರ ಸಂಗ್ರಹದ ರಾಜ. ಆ ಕಾಲದಲ್ಲಿ ಒಳ್ಳೆಯ ಕೋಲಿಗೆ ಒಂದು ಬುಡ, ಎರಡು ತುದಿ ಕೊಡುತ್ತಿದ್ದರಂತೆ, ಒಂದು ತುದಿ ದಣಿದರೆ ಇನ್ನೊಂದು ಎಂದು. ಎರಡೂ ತುದಿ ಉಳಿದಿದ್ದರೆ ಅದಕ್ಕೆ ಬೇರೆಯದೇ ಮರ್ಯಾದೆ.

"ನಿಮ್ಮದೂ ಛಲೋ ಮಾಲ ಅದ. ತುದಿ ಇಲ್ಲದಿದ್ರೂ ಇದರ ಹಳೇ ವಾರ್ನಿಶ್, ಹಳೇ ದಾರ ಹಾಂಗ ಉಳಿಸಿ ಗ್ವಾಡಿಗೆ ಹಾಕಿದ್ರ ತಿಳದವರು ಕೈ ಮುಗೀತಾರ. ಹೊಸಾ ದಾರ ಸುತ್ತಿ ನೀರಿಗಿಳಿಸಿದ್ರ ಬರೇ ಕೋಲು. ನಾ ಅಂತೂ ಆ ಪಾಪ ಮಾಡಂಗಿಲ್ಲ."

ಗೋಡೆಯ ಯೋಜನೆ ನನಗೆ ಒಪ್ಪಿಗೆಯಾಗಿತ್ತು. ಗೋಡೆಯಲ್ಲಿದ್ದರೆ ಯಾರೂ ಜಾರಿ ಬೀಳುವುದಿಲ್ಲ. ಆದರೆ ಅಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಆ ವರ್ಷವೇ ಅವರ ಬಲಗೈಗೆ ನಡುಕ ಶುರುವಾಗಿತ್ತು, ಪಾರ್ಕಿನ್ಸನ್ ಎಂದಿದ್ದರು. ಕ್ಯಾಂಟೀನ್ ಬಿಟ್ಟಿದ್ದರು. ಚಹಾ ಲೋಟ ಹಿಡಿಯಲು ನಾಚಿ, ಯಾರಾದರೂ ಬಂದರೆ ಒಳಗೆ ಹೋಗುತ್ತಿದ್ದರು. "ಕೈ ಪೂರ್ತಿ ಹೋಗುವ ಮೊದಲು ಒಮ್ಮೆ ಗಾಳ ಹಾಕ್ಬೇಕು ಮಾರಾಯಾ," ಎಂದರು ನನ್ನ ಹತ್ತಿರ. ಬೇರೇನನ್ನೂ ಅವರು ನನ್ನಲ್ಲಿ ಕೇಳಿದ ನೆನಪಿಲ್ಲ.

ಅಪ್ಪನನ್ನು ಠಾಣೆಗೆ ಕರೆದುಕೊಂಡು ಹೋದೆ. ಡಾಕ್ಟ್ರು ಅವರಿಗೂ ಅದೇ ಭಾಷಣ ಮಾಡಿದರು. ಅಪ್ಪ ಪೂರ್ತಿ ಕೇಳಿದರು. ತೊಡೆಯ ಮೇಲೆ ಕೈ ನಡುಗುತ್ತಲೇ ಇತ್ತು.

"ಡಾಕ್ಟ್ರೇ, ನೀವು ಎಷ್ಟು ಮೀನು ಹಿಡಿದಿದ್ದೀರಿ?"

"ಒಂದೂ ಇಲ್ಲ."

"ಮತ್ತೆ ಕೋಲಿನ ವಿಷಯ ನಿಮಗೆ ಎಂತ ಗೊತ್ತು?" ಎಂದು ಅಪ್ಪ ಎದ್ದು, ತುದಿಯಿಲ್ಲದ ಬುಡವನ್ನೇ ಕೈಗೆತ್ತಿಕೊಂಡು, ಹಲ್ಲಿನ ಕುರ್ಚಿಯ ಪಕ್ಕ ನಿಂತು ಗಾಳ ಎಸೆಯುವ ಹಾಗೆ ಬೀಸಿದರು. ತಟ್ಟೆಯೊಂದು ಬೀಳುವುದರಲ್ಲಿತ್ತು, ನಾನು ಓಡಿ ಹಿಡಿದೆ. ಡಾಕ್ಟ್ರು ತಟ್ಟೆ ನೋಡಲಿಲ್ಲ, ಅಪ್ಪನ ಮಣಿಕಟ್ಟನ್ನೇ ನೋಡುತ್ತಿದ್ದರು.

"ಇನ್ನೊಮ್ಮೆ ಬೀಸ್ರಿ ಯಜಮಾನ್ರ."

ಅಪ್ಪ ಬೀಸಿದರು.

"ಸುಮ್ನಿದ್ರ ನಡಗತದ. ಕೆಲಸ ಕೊಟ್ರ ನಡಗಂಗಿಲ್ಲ," ಎಂದರು ಡಾಕ್ಟ್ರು, ತಮಗೆ ತಾವೇ. ಕೋಲು ಇಟ್ಟುಕೊಂಡು ನಮ್ಮನ್ನು ಕಳಿಸಿಬಿಟ್ಟರು.

ಎರಡು ತಿಂಗಳು ಹಿಡಿಯಿತು. ಎಣ್ಣೆಯನ್ನು ಹತ್ತಿಯಿಂದ ಒತ್ತಿ ಒತ್ತಿ ತೆಗೆದರು. ಗುಢಿಯಾಗಿ ಗೋಡೆಗೆ ಒರಗಿ ಬಾಗಿದ್ದನ್ನು ದೀಪದ ಶಾಖ ಕೊಟ್ಟು ನೆಟ್ಟಗೆ ಮಾಡಿದರು. ಹೊಸ ರೇಷ್ಮೆದಾರ ಸುತ್ತಿ, ಪದರ ಪದರವಾಗಿ ವಾರ್ನಿಶ್ ಕೊಟ್ಟರು. ಕ್ಲಿನಿಕ್ಕಿನಲ್ಲಿ ಲವಂಗದೆಣ್ಣೆಯನ್ನೂ ಮೀರಿ ಆ ವಾಸನೆ... ಪೇಶಂಟುಗಳು ಮೂಗು ಮುಚ್ಚಿಕೊಂಡೇ ಬಾಯಿ ತೆರೆಯುತ್ತಿದ್ದರು. ಕಂಪನಿಯ ಹೆಸರಿನ ಪಕ್ಕ ಬಿದಿರಿಗೆ ಇಂಗಿದ್ದ ಅರಿಶಿನದ ಕಲೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಯಾಕೆಂದು ಕೇಳಿದರೆ, "ಇರ್ಲಿ ಬಿಡ್ರಿ. ಅದು ನಿಮ್ಮ ತಾಯಿ ಸಹಿ," ಎಂದರು.

ಬುಡಕ್ಕೆ ಒಂದು ತುದಿಯೂ ಬಂದಿತ್ತು. ತಮ್ಮ ರಾಜನ ಎರಡು ತುದಿಗಳಲ್ಲಿ ಒಂದನ್ನು ತೆಗೆದು, ಹಿತ್ತಾಳೆಯ ಕೀಲನ್ನು ಉಜ್ಜಿ ಹೊಂದಿಸಿ, ನಮ್ಮ ಕೋಲಿಗೆ ಕೂರಿಸಿದ್ದರು. ನಾನು ಬೇಡ ಎಂದೆ. ನಿಮ್ಮ ಜೋಡಿ ಒಡೆಯಿತಲ್ಲ, ಅದರ ಬೆಲೆಯೇ ಹೋಯಿತಲ್ಲ ಎಂದೆ.

"ಹೋತು ಅಂತ ನನಗೂ ಗೊತ್ತದ. ರಾತ್ರಿ ನಿದ್ದಿ ಬಂದಿಲ್ಲ. ಮತ್ತ ಮತ್ತ ಹೇಳಬ್ಯಾಡ್ರಿ, ವಾಪಸ್ ತೊಗೊಂಡೇನು!"

ಹೀಗೆ ನಾವು ಮೂವರು ಟಿಟ್ವಾಳಾಕ್ಕೆ ಹೊರಟದ್ದು. ಡಾಕ್ಟ್ರು ಮನೆಯಲ್ಲಿ ಅಲ್ಲಿಯ ಗಣಪತಿಯ ದರ್ಶನಕ್ಕೆಂದು ಹೇಳಿ ಬಂದಿದ್ದರು. ಸುಳ್ಳಾಗಬಾರದೆಂದು ಮೊದಲು ದೇವಸ್ಥಾನಕ್ಕೇ ಹೋದೆವು. ಆಮೇಲೆ ರಿಕ್ಷಾ ಹಿಡಿದು ಕಾಳು ನದಿಯ ದಂಡೆಗೆ. ಅಪ್ಪ ಸಿಗಡಿ ತರೋಣವೆಂದರೆ ಡಾಕ್ಟ್ರು ಒಪ್ಪಿರಲಿಲ್ಲ, ಗಾಳಕ್ಕೆ ಚಪಾತಿ ಹಿಟ್ಟಿನ ಉಂಡೆಯೇ ಆಗಬೇಕು. "ಮೀನಿಗೂ ಒಂದಿನ ನಮ್ಮ ಊಟ ಇರ್ಲಿ." ಅಪ್ಪ ಕೋಲು ಬೀಸಿದರು. ನೂಲು ಸುಯ್ಯೆಂದು ಹೋಗಿ ನಡುನೀರಿನಲ್ಲಿ ಇಳಿಯಿತು. ಅಪ್ಪನ ಕೈ ಸುಮ್ಮನಿತ್ತು. ನಾನು ಅವರ ಅಂಗಿಯ ಹಿಂಬದಿ ಹಿಡಿದೇ ನಿಂತಿದ್ದೆ.

ಆಗ ಆದದ್ದೇ ಆ ಎಡವಟ್ಟು: ಮೀನು ಸಿಕ್ಕಿಬಿಟ್ಟಿತು.

ಅದನ್ನು ಯಾರೂ ಯೋಚಿಸಿರಲೇ ಇಲ್ಲ! ಅಪ್ಪನಿಗೆ ಗಾಳ ಎಸೆಯಬೇಕಿತ್ತು, ಡಾಕ್ಟ್ರಿಗೆ ಕೋಲು ಬಾಗುವುದನ್ನು ನೋಡಬೇಕಿತ್ತು, ನನಗೆ ಎಲ್ಲರೂ ಜೀವಸಹಿತ ಮನೆ ಮುಟ್ಟಬೇಕಿತ್ತು. ಕೈಯಗಲದ ಮೀನು ದಂಡೆಯ ಮೇಲೆ ಪಟಪಟ ಬಡಿದುಕೊಳ್ಳುತ್ತಿತ್ತು. ಅಪ್ಪ ಬಗ್ಗಿ ಗಾಳ ಬಿಡಿಸಲು ನೋಡಿದರು. ಕೋಲು ಕೆಳಗಿಟ್ಟ ಕೈಗೆ ನಡುಕ ಮರಳಿ ಬಂದಿತ್ತು, ಬೆರಳಿಗೆ ಗಾಳವೇ ಸಿಗಲಿಲ್ಲ. ನಾನು, ಗಾಳ ಚುಚ್ಚಿದರೆ ಧನುರ್ವಾಯು ಎಂದು ಯೋಚಿಸುತ್ತಿದ್ದೆ. ಡಾಕ್ಟ್ರು "ಅಯ್ಯೋ ಶಿವನ, ಸರೀರಿ" ಎಂದವರೇ ಜೇಬಿನಿಂದ ಚಿಮಟ ತೆಗೆದು ಮಂಡಿಯೂರಿದರು. ಜನ್ಮದಲ್ಲಿ ಮೀನು ಮುಟ್ಟದ ಕೈಯಿಂದ ಅದನ್ನು ಹಿಡಿದು, ಮೆಲ್ಲಗೆ "ಆ ಅನ್ನು... ಆ..., ಆತು, ಆತು, ನೋವಾಗಂಗಿಲ್ಲ," ಎನ್ನುತ್ತ ಒಂದೇ ಎಳೆತಕ್ಕೆ ಗಾಳ ಬಿಡಿಸಿ, ನೀರಿಗೆ ಬಿಟ್ಟರು.

"ಫೀ ಕೊಡದ ಪೇಶಂಟ್," ಎಂದರು ಅಪ್ಪ. ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಆಮೇಲೂ ಒಂದೆರಡು ವರ್ಷ, ಅಪ್ಪನ ಕೈ ಮಾತು ಕೇಳುತ್ತಿದ್ದಷ್ಟು ದಿನ, ಇಬ್ಬರೂ ಗಣಪತಿ ದರ್ಶನಕ್ಕೆ ಹೋಗುತ್ತಿದ್ದರು. ನನ್ನನ್ನು ಕರೆಯುತ್ತಿರಲಿಲ್ಲ, ನಾನಿದ್ದರೆ ಮೀನೂ ಹೆದರುತ್ತದಂತೆ. ಇಬ್ಬರಲ್ಲಿ ಅಪ್ಪ ಮೊದಲು ತೀರಿಹೋದರು. ಡಾಕ್ಟ್ರು ಕ್ಲಿನಿಕ್ ಮುಚ್ಚಿ ಕಾಮೋಠೆಯಲ್ಲಿದ್ದ ಮಗಳ ಮನೆ ಸೇರಿ, ಅಲ್ಲೇ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಕೇಳಿದರು, "ದರ್ಶನದಿಂದ ಬಂದಾಗೆಲ್ಲ ಇವರ ಕೈ ಮೀನಿನ ವಾಸನಿ ಹೊಡೀತಿತ್ತು. ಆ ಗಣಪತಿ ಅದೇನು ಪ್ರಸಾದ ಕೊಡತಿದ್ದನೋ, ನಿಮಗರ ಗೊತ್ತೇನ್ರೀ?" ಕೇಳಿದವರೇ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಈಗ ವರ್ಷಕ್ಕೊಮ್ಮೆ ನಾನೇ ಕೋಲು ಹಿಡಿದು ಟಿಟ್ವಾಳಾಕ್ಕೆ ಹೋಗುತ್ತೇನೆ. ಸುಮಾರಾಗಿ ಎಸೆಯಲು ಬರುತ್ತದೆ. ನೂಲಿನ ತುದಿಗೆ ಬರೀ ಹಿಟ್ಟಿನ ಉಂಡೆ ಮೆತ್ತುತ್ತೇನೆ, ಗಾಳ ಕಟ್ಟುವುದಿಲ್ಲ. ಅಪ್ಪಿತಪ್ಪಿ ಮೀನು ಸಿಕ್ಕಿಬಿಟ್ಟರೆ, ಬಿಡಿಸಿಕೊಡುವವರು ಈಗ ಯಾರೂ ಇಲ್ಲ.